ಕೊಳೆಯ ಹೆಪ್ಪು

ಹೇಸಿಗೆ ನನಗೆ ಹುಟ್ಟಿನಿಂದಲೇ ಬಂದದ್ದು. ಬೇರೆಯವರಿಗೆ ಸಿಟ್ಟು ಬರುವ ಜಾಗದಲ್ಲಿ ನನಗೆ ವಾಕರಿಕೆ ಬರುತ್ತದೆ. ನಲ್ಲಿ ತಿರುಗಿಸುವ ಮೊದಲು ನಲ್ಲಿಯನ್ನೇ ತೊಳೆಯುವವಳು ನಾನು. ಹೆಣ್ಣು ನೋಡಲು ಬಂದ ದಿನ ಇವರ ಮುಖವನ್ನು ಸರಿಯಾಗಿ ನೋಡಲೇ ಇಲ್ಲ, ಕಾಫಿ ಲೋಟ ಹಿಡಿದ ಕೈಯ ಉಗುರುಗಳನ್ನು ನೋಡಿದೆ. ಶುಚಿಯಾಗಿದ್ದವು, ಒಪ್ಪಿಕೊಂಡೆ. ಇಂಥವಳ ಕೊರಳಿಗೆ ಮೀನಿನ ತೊಟ್ಟಿ ಬಂದು ಬಿತ್ತಲ್ಲ ಎಂದು ನಮ್ಮ ನೆಂಟರೆಲ್ಲ ಈಗಲೂ ನಗುತ್ತಾರೆ. ನಗಲಿ. ತೊಳೆಯುವವಳು ನಾನು ತಾನೆ.

ನಮ್ಮ ಮನೆ ಕಿಬ್ಬನಹಳ್ಳಿ ಕ್ರಾಸಿನಿಂದ ಸ್ವಲ್ಪ ಒಳಕ್ಕಿದೆ. ಸುತ್ತ ತೆಂಗಿನ ತೋಟ, ಅಟ್ಟದ ತುಂಬ ಒಣಗಲು ಬಿಟ್ಟ ಕಾಯಿ, ಹಿತ್ತಲಲ್ಲಿ ಚಿಪ್ಪಿನ ಗುಡ್ಡೆ. ಲಿಂಗ ಕಟ್ಟಿದ ಮನೆತನ. ಮೊಟ್ಟೆ ಎಂಬ ಮಾತನ್ನು ಅಡುಗೆಮನೆಯಲ್ಲಿ ಆಡಿದರೂ ನಮ್ಮತ್ತೆ ಮುಖ ಸಿಂಡರಿಸುತ್ತಿದ್ದರು. ಅವರು ತೀರಿಕೊಂಡು ಆರು ವರ್ಷವಾಯಿತು. ಮಗಳು ಮದುವೆಯಾಗಿ ತುರುವೇಕೆರೆಯಲ್ಲಿದ್ದಾಳೆ. ಮನೆಯಲ್ಲಿ ಈಗ ಮಾವ, ನನ್ನ ಗಂಡ ಮತ್ತು ನಾನು ಮೂವರೇ.

ಮಾವ ಕೊಬ್ಬರಿ ವ್ಯಾಪಾರದವರು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ, ಇನ್ನೆಷ್ಟು ದಿನ ಅಟ್ಟದ ಮೇಲಿರಬೇಕು, ಎಲ್ಲವನ್ನೂ ಹೇಳಿಬಿಡುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತು ಉಳಿಯಿತು, ಊರುಗೋಲು ಹಿಡಿದು ನಾಲ್ಕು ಹೆಜ್ಜೆ ಇಡುವಷ್ಟು ಕಾಲೂ ಬಂತು. ಆದರೆ ಎಡಗಡೆ ಎಂಬುದೇ ಅವರ ಪಾಲಿಗೆ ಇಲ್ಲವಾಯಿತು. ಕಣ್ಣಿಗೇನೂ ಆಗಿರಲಿಲ್ಲ, ಆ ಕಡೆಗೆ ಅವರ ಮನಸ್ಸೇ ಹೋಗುತ್ತಿರಲಿಲ್ಲ. ತಟ್ಟೆಯ ಬಲಗಡೆಯ ಇಡ್ಲಿ ತಿಂದು, ಎಡಗಡೆಯದನ್ನು ಹಾಗೇ ಬಿಟ್ಟು, “ಇಷ್ಟೇನಾ ಇಕ್ಕಿದ್ದು?” ಎಂದು ರೇಗುತ್ತಿದ್ದರು. ಗಡ್ಡವನ್ನು ಅರ್ಧ ಕೆನ್ನೆಗೆ ಮಾತ್ರ ಬೋಳಿಸಿಕೊಂಡು ಎದ್ದುಬಿಡುತ್ತಿದ್ದರು. ನಾನು ಎಡಗಡೆ ಕಾಫಿ ಹಿಡಿದು ನಿಂತಿದ್ದರೆ ಬಲಗಡೆಯ ಗೋಡೆಗೆ ಮುಖ ಮಾಡಿ, “ಅಮ್ಮಯ್ಯ, ಎಲ್ಲೋದೆ?” ಎಂದು ಕೂಗುತ್ತಿದ್ದರು.

ಇದೆಲ್ಲ ಹೇಗೋ ನಡೆದುಹೋಗುತ್ತಿತ್ತು. ನಡೆಯದೆ ಹೋದದ್ದು ಪೂಜೆ. ನಮ್ಮಲ್ಲಿ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡುತ್ತಾರೆ. ಅದಾಗದೆ ಮಾವ ಬಾಯಿಗೆ ನೀರನ್ನೂ ಹಾಕುವವರಲ್ಲ. ಬೆಳಿಗ್ಗೆ ನಾನು ಅವರ ಎಡಗೈಯನ್ನು ಕೆಳಗಿನಿಂದ ಹಿಡಿದೆತ್ತಿ, ಮುದುರಿದ ಬೆರಳು ಬಿಡಿಸಿ, ಅಂಗೈಯನ್ನು ಅವರ ಮುಂದಕ್ಕೆ ತರುತ್ತಿದ್ದೆ. ಅವರು ಬಗ್ಗಿ ನೋಡಿ ಮುಖ ಹಿಂಡುತ್ತಿದ್ದರು.

“ಇದ್ಯಾರ ಕೈನಮ್ಮ? ಕಂಡೋರ ಕೈ ಮೇಲೆ ನನ್ ಲಿಂಗ ಇಕ್ಕು ಅಂತೀಯಲ್ಲ. ತಗಿ ಅತ್ಲಾಗೆ.”

“ನಿಮ್ದೇ ಕೈ ಮಾವ.”

“ನನ್ ಕೈ ನಂಗೊತ್ತಿಲ್ವಾ? ಥೂ, ತಗಿಯಮ್ಮ.”

ಎಂದು ಆ ಕೈಯನ್ನು ಬಲಗೈಯಿಂದ, ಸತ್ತ ಇಲಿಯನ್ನು ತಳ್ಳುವಂತೆ ತಳ್ಳುತ್ತಿದ್ದರು. ಆಮೇಲೆ ಹತ್ತು ಗಂಟೆ, ಹನ್ನೊಂದು ಗಂಟೆಯವರೆಗೆ ಉಪವಾಸ, ಮಾತ್ರೆ ನುಂಗುವುದಿಲ್ಲ, ನನ್ನ ಗಂಡ ಬಂದು ಕೂಗಾಡಿದ ಮೇಲೆ ಲಿಂಗವನ್ನು ಹಣೆಗೊತ್ತಿಕೊಂಡು, ಕಣ್ಣಲ್ಲಿ ನೀರು ಹಾಕಿಕೊಂಡು ಗಂಜಿ ಕುಡಿಯುತ್ತಿದ್ದರು. ಹೇಸಿಗೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಒಬ್ಬ ಮನುಷ್ಯ ತನ್ನ ಕೈಗೇ ಹೇಸುವುದನ್ನು ನಾನು ನೋಡಿದ್ದು ಅದೇ ಮೊದಲು. ದಿನಾ ಬೆಳಿಗ್ಗೆ ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ವ್ಯಾಯಾಮ ಮಾಡಿಸಲು ತಿಪಟೂರಿನಿಂದ ಒಬ್ಬ ಹೆಂಗಸು ವಾರಕ್ಕೆ ಎರಡು ಸಲ ಬರುತ್ತಿದ್ದಳು. ಕಟ್ಟುನಿಟ್ಟಿನವಳು. ಅವಳೇ ಹೇಳಿದ್ದು: “ಆ ಕಡೆ ಏನಾದ್ರೂ ಓಡಾಡ್ತಿರ್ಬೇಕು ಕಣ್ರೀ. ಬಲಗಡೆಯಿಂದ ಸುರುವಾಗಿ ನಿಧಾನಕ್ಕೆ ಎಡಗಡೆ ಹೋಗ್ಬೇಕು. ಕಣ್ಣು ಅದ್ರ ಹಿಂದೆ ಹೋಗ್ತದೆ, ಕಣ್ಣಿನ ಹಿಂದೆ ಕತ್ತು ಹೋಗ್ತದೆ. ಕೈ ಆಮೇಲೆ ಬತ್ತದೆ.” ಟೀವಿ ಇಟ್ಟು ನೋಡಿದೆವು, ಮಾವ ಕಣ್ಣು ಮುಚ್ಚಿಕೊಂಡರು. ನಾನೇ ಕೈಯಲ್ಲಿ ಗಂಟೆ ಹಿಡಿದು ಆ ಕಡೆ ಈ ಕಡೆ ಓಡಾಡಿದೆ, ತಲೆನೋವೆಂದು ಬೈದರು. ಒಂದು ದಿನ ನನ್ನ ಗಂಡ ಗೂಡ್ಸ್ ಆಟೋದಲ್ಲಿ ಒಂದು ಉದ್ದನೆಯ ಗಾಜಿನ ತೊಟ್ಟಿ, ಒಂದು ಮೋಟಾರು, ನಾಲ್ಕು ಕೆಂಪು ಮೀನು ತಂದು ಇಳಿಸಿದರು.

“ಬೇರೆ ಏನೂ ಸಿಗ್ಲಿಲ್ವೇನ್ರೀ ನಿಮ್ಗೆ?” ಎಂದೆ.

“ಕೋಳಿ ತಂದು ಕಟ್ಲೇನೇ ಮತ್ತೆ?” ಎಂದರು.

ತೊಟ್ಟಿಯನ್ನು ಮಾವನ ಮಂಚದ ಮುಂದೆ, ಎಡಗಡೆಗೆ ಚಾಚಿಕೊಳ್ಳುವಂತೆ ಇಟ್ಟೆವು. ನಾನು ಎರಡು ದಿನ ಆ ಕೋಣೆಯಲ್ಲಿ ಮೂಗಿಗೆ ಸೆರಗು ಹಿಡಿದುಕೊಂಡೇ ಕೆಲಸ ಮಾಡಿದೆ. ವಾಸನೆ ಇರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಬರಲಿದೆ ಎಂದು ನನಗೆ ಗೊತ್ತಿತ್ತು, ಅಷ್ಟೆ.

ಬಂತು. ತೊಟ್ಟಿಯ ಹಿಂದೆ ನೇತುಹಾಕುವ ಒಂದು ಪೆಟ್ಟಿಗೆ ಇರುತ್ತದೆ, ಅದಕ್ಕೆ ಫಿಲ್ಟರ್ ಎನ್ನುತ್ತಾರೆ. ಮೋಟಾರು ನೀರನ್ನು ಅದರೊಳಕ್ಕೆ ಎಳೆದು, ಒಂದು ಸ್ಪಂಜು, ಹತ್ತಿಯಂಥ ಒಂದು ಬಿಳಿ ಪದರ, ಒಂದು ಚೀಲ ಇದ್ದಲು, ಒಂದು ಹಿಡಿ ಪಿಂಗಾಣಿ ಉಂಗುರ, ಇವುಗಳ ಮೂಲಕ ಹಾಯಿಸಿ ಮತ್ತೆ ತೊಟ್ಟಿಗೆ ಬಿಡುತ್ತದೆ. ಮೂರನೆಯ ವಾರ ನೀರು ಸರಿಯಾಗಿ ಬೀಳದಾದಾಗ ನಾನು ಅದರ ಮುಚ್ಚಳ ತೆಗೆದೆ. ತೆಗೆಯಬಾರದಿತ್ತು. ಸ್ಪಂಜು ಕಂದುಬಣ್ಣದ ಲೋಳೆಯಲ್ಲಿ ಮುಳುಗಿತ್ತು. ಎರಡು ಬೆರಳಲ್ಲಿ ಹಿಡಿದರೆ ಅದು ಬೆರಳಿಗೇ ಅಂಟಿಕೊಂಡು ಬಂತು. ಹಿಂಡಿದರೆ ಮೀನಿನ ಹೇಲು, ಕೊಳೆತ ಆಹಾರ, ಹೆಸರಿಲ್ಲದ ಇನ್ನೇನೋ ಒಂದು ಮಣಿಕಟ್ಟಿನ ಮೇಲೆ ಇಳಿಯಿತು. ಬಳೆಯ ಸಂದಿಗೆ ಹೋಯಿತು. ಮಳೆ ಬಿದ್ದ ಮರುದಿನದ ಚರಂಡಿಯ ನಾತ. ನಾನು ಅದನ್ನು ಅಡುಗೆಮನೆಗೂ ತರಲಿಲ್ಲ, ಬಚ್ಚಲಿಗೂ ತರಲಿಲ್ಲ, ಹಿತ್ತಲಿಗೆ ಓಡಿ ಬಟ್ಟೆ ಒಗೆಯುವ ಕಲ್ಲಿನಿಂದಲೂ ದೂರ, ತೆಂಗಿನ ಬುಡದಲ್ಲಿ ಕೂತು ತೊಳೆದೆ. ಆಮೇಲೆ ಸ್ನಾನ ಮಾಡಿದೆ. ಊಟ ಸೇರಲಿಲ್ಲ. ಲಿಂಗ ಕಟ್ಟಿದ ಮನೆಗೆ ಸೊಸೆಯಾಗಿ ಬಂದು ಮೀನಿನ ಕಕ್ಕಸು ತೊಳೆಯುವವಳಾದೆನಲ್ಲ ಎಂದು ಗಂಡನ ಮುಂದೆ ಅತ್ತುಬಿಟ್ಟೆ. “ಮರ ಚೆನ್ನಾಗಿ ಕಾಯ್ಬುಡ್ತದೆ ಬುಡೇ” ಎಂದರು ಅವರು.

ಹದಿನೈದು ದಿನಕ್ಕೊಮ್ಮೆ ಇದೇ ಹಾಡು. ಬೈದುಕೊಂಡೇ ತೊಳೆಯುತ್ತಿದ್ದೆ. ತೊಳೆಯದೆ ಬಿಟ್ಟು ನೀರು ಮಬ್ಬಾದರೆ ಮಾವನಿಗೆ ಮೀನು ಕಾಣುತ್ತಿರಲಿಲ್ಲವಲ್ಲ.

ಏಕೆಂದರೆ ಅವರು ನೋಡತೊಡಗಿದ್ದರು. ಮೊದಲು ಬಲಗಡೆಯ ತುದಿಗೆ ಬಂದ ಮೀನನ್ನು ಮಾತ್ರ. ಮೀನು ಎಡಕ್ಕೆ ತಿರುಗಿದರೆ ಅವರ ಪಾಲಿಗೆ ಅದು ಮಾಯ. ಎರಡು ತಿಂಗಳಲ್ಲಿ ತೊಟ್ಟಿಯ ನಡುವಿನವರೆಗೆ ಹಿಂಬಾಲಿಸಿದರು. ಆಮೇಲೆ ಒಂದು ಮಧ್ಯಾಹ್ನ, ಬಿಳಿ ಬಾಲದ ಒಂದು ಮೀನಿತ್ತು, ಅದು ಎಡಗಡೆಯ ತುದಿಗೆ ಹೋಗಿ ನಿಂತಾಗ ಮಾವನ ಕತ್ತು ಕೂಡ ಆ ಕಡೆ ಹೊರಳಿತು. “ಲೇ, ಅಲ್ಲೇನ್ ಮಾಡ್ತಿದೀಯಲಾ, ಬಾರ್ಲಾ ಈಕಡೆ” ಎಂದು, ಕಾಯಿ ಸುಲಿಯುವ ಆಳುಗಳನ್ನು ಕರೆಯುತ್ತಿದ್ದ ದನಿಯಲ್ಲೇ ಅದನ್ನು ಕರೆದರು. ನಾನು ಪಾತ್ರೆ ಬಿಟ್ಟು ಓಡಿಬಂದೆ. ಆ ವಾರ ಎಡಗಡೆಯ ಇಡ್ಲಿಯಲ್ಲೂ ಅರ್ಧ ತಿಂದರು. ಪೂಜೆಯ ಹೊತ್ತಿಗೆ ಎಡಗೈ ಮುಂದೆ ತಂದರೆ ತಳ್ಳುವುದನ್ನು ನಿಲ್ಲಿಸಿದ್ದರು. ತಮ್ಮದೆಂದು ಒಪ್ಪಲಿಲ್ಲ, ಆದರೆ ಲಿಂಗ ಇಟ್ಟು ವಿಭೂತಿ ಹಚ್ಚುವಷ್ಟು ಹೊತ್ತು ಸಹಿಸುತ್ತಿದ್ದರು. “ಯಾರ್ದೋ ಪುಣ್ಯಾತ್ಮಂದು ಕೈ” ಎನ್ನುತ್ತಿದ್ದರು. ನಮ್ಮಿಬ್ಬರಿಗೆ ಅಷ್ಟೇ ಹಬ್ಬವಾಗಿತ್ತು. ತೊಟ್ಟಿಯ ಆಚೆ ನಿಂತ ನಾನು ಮಾತ್ರ ಇನ್ನೂ ಅವರಿಗೆ ಕಾಣುತ್ತಿರಲಿಲ್ಲ. ಅವರ ಲೋಕ ಗಾಜಿನ ಎಡ ಅಂಚಿಗೆ ಮುಗಿಯುತ್ತಿತ್ತು.

ಇಷ್ಟು ಚೆನ್ನಾಗಿದ್ದದ್ದನ್ನು ಕೆಡಿಸಿದವಳು ನಾನು.

ಶಿವರಾತ್ರಿಗೆ ಮನೆ ತೊಳೆಯುವ ವಾರ. ಅಟ್ಟದಿಂದ ಬಚ್ಚಲವರೆಗೆ ಎಲ್ಲ ಉಜ್ಜಿಯಾಗಿತ್ತು, ಆ ಪೆಟ್ಟಿಗೆ ಒಂದು ಉಳಿದಿತ್ತು. ಸ್ಪಂಜು ಹರಿದು ಜಾಳಾಗಿತ್ತು, ಇದ್ದಲಿನ ಚೀಲದಲ್ಲಿ ಸತ್ವವಿಲ್ಲ, ಬದಲಾಯಿಸಬೇಕೆಂದು ಮೀನು ಕೊಟ್ಟ ಅಂಗಡಿಯವನು ಹೇಳಿ ಕಳಿಸಿದ್ದ. ನನ್ನ ಗಂಡ ತಂದ ಹೊಸ ಇದ್ದಲಿನ ಪೊಟ್ಟಣ ನೋಡಿದೆ. ಅದರ ಮೇಲೆ ತೆಂಗಿನ ಚಿಪ್ಪಿನ ಚಿತ್ರವಿತ್ತು. ಚಿಪ್ಪು ಸುಟ್ಟು ಮಾಡಿದ ಇದ್ದಲಂತೆ. ನನಗೆ ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು. “ನಮ್ಮನೆ ಹಿತ್ಲಲ್ಲಿ ಗುಡ್ಡೆ ಬಿದ್ದಿರೋ ಚಿಪ್ಪನ್ನ ಇವ್ರು ಪೊಟ್ಟಣ ಕಟ್ಟಿ ನಮ್ಗೇ ಕೊಡ್ತಾರಾ? ವಾಪಸ್ ಕೊಟ್ಬುಡಿ ಅತ್ಲಾಗೆ” ಎಂದೆ. ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ ಮಾಡಿದವನಿಗೆ ತೆಂಗಿನ ಸೀಮೆ ಗೊತ್ತಿರಲಿಲ್ಲ ಎಂಬುದು ನನ್ನ ಲೆಕ್ಕ.

ಸ್ಪಂಜಿನ ಬದಲು ತೆಂಗಿನ ನಾರು. ಪಾತ್ರೆ ಉಜ್ಜಲಿಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ, ಕೊಳೆ ಹಿಡಿಯಲಿಕ್ಕೂ ಅದಕ್ಕಿಂತ ಒಳ್ಳೆಯದು ಇರಲಾರದು ಎಂದುಕೊಂಡೆ. ಇದ್ದಲಿಗೆ ಬಚ್ಚಲ ಒಲೆಯಲ್ಲಿ ಉರಿದು ಆರಿದ ಚಿಪ್ಪಿನ ಚೂರುಗಳನ್ನು ಬೂದಿಯಿಂದ ಆರಿಸಿ, ಹಳೆಯ ಪಂಚೆಯ ತುಂಡಲ್ಲಿ ಗಂಟು ಕಟ್ಟಿದೆ. ಪಿಂಗಾಣಿ ಉಂಗುರಗಳನ್ನು ಹಂಡೆಯ ಕುದಿಯುವ ನೀರಿನಲ್ಲಿ ಒಂದು ಗಂಟೆ ಬಿಟ್ಟೆ. ಪೆಟ್ಟಿಗೆಯನ್ನು ಮೂಲೆಮೂಲೆಗೆ ಕಡ್ಡಿ ಹಾಕಿ ಉಜ್ಜಿದೆ. ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ, ಗಾಜನ್ನು ಒಳಗೂ ಹೊರಗೂ ಒರೆಸಿ, ಹೊಸ ನೀರು ತುಂಬಿದೆ. ಒಂದು ಚುಕ್ಕೆ ಕೊಳೆ ಇಲ್ಲ. ನಮ್ಮ ಮನೆಗೆ ತೊಟ್ಟಿ ಬಂದಮೇಲೆ ಮೊದಲ ಸಲ ನಾನು ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತು ಕಾಫಿ ಕುಡಿದೆ. ಪಕ್ಕದ ಮನೆಯವಳನ್ನು ಕರೆದು ತೋರಿಸಿದೆ ಕೂಡ.

ಮರುದಿನ ನೀರು ಟೀ ಸೋಸಿದಂತೆ ಕೆಂಪಗಾಯಿತು. ನಾರು ಬಣ್ಣ ಬಿಟ್ಟಿತ್ತು. ಅದರ ಮರುದಿನ ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ನಾನು ಗಾಬರಿಯಾಗಿ ಏನು ಮಾಡಿದೆ? ಇನ್ನೂ ಕೊಳೆ ಉಳಿದಿದೆ ಎಂದು ಇನ್ನೊಂದು ಸಲ ಎಲ್ಲವನ್ನೂ ತೊಳೆದೆ. ನಾಲ್ಕನೆಯ ದಿನ ಬೆಳಿಗ್ಗೆ ನಾಲ್ಕೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬಿಳಿ ಬಾಲದ್ದರ ಕಣ್ಣಿಗೆ ಪೊರೆ ಬಂದಿತ್ತು, ಹೊಟ್ಟೆ ಉಬ್ಬಿತ್ತು. ಅದನ್ನು ಎತ್ತಲು ನಾನು ಹಳೆಯ ಸೌಟು ತಂದೆ, ಸೌಟಿನಿಂದ ಜಾರಿ ನನ್ನ ಕಾಲ ಮೇಲೆ ಬಿತ್ತು. ಮೆತ್ತಗೆ, ತಣ್ಣಗೆ. ಆ ಕಾಲನ್ನು ಎಷ್ಟು ಸಲ ತೊಳೆದೆನೋ ಗೊತ್ತಿಲ್ಲ. ಸೌಟನ್ನು ತಿಪ್ಪೆಗೆ ಎಸೆದೆ. ಹಿತ್ತಲಲ್ಲಿ ಕೂತು ವಾಂತಿ ಮಾಡಿದೆ.

ನನ್ನ ಗಂಡ ಅಂದೇ ತಿಪಟೂರಿಗೆ ಹೋಗಿ ಬೇರೆ ನಾಲ್ಕು ಮೀನು ತಂದರು. ಅದೇ ಶುಚಿಯಾದ ತೊಟ್ಟಿಗೆ, ಅದೇ ಶುಚಿಯಾದ ಪೆಟ್ಟಿಗೆಯ ಕೆಳಗೆ ಬಿಟ್ಟೆವು. ಅವೂ ವಾರದೊಳಗೆ ಸತ್ತವು. ಆಮೇಲೆ ತರಲು ಅವರೂ ಹಿಂಜರಿದರು, ಕೇಳಲು ನಾನೂ ಹಿಂಜರಿದೆ.

ಬರಿಯ ನೀರು ಅಲುಗುವುದಿಲ್ಲ. ಅಲುಗದ್ದನ್ನು ಮಾವನ ಕಣ್ಣು ಹಿಂಬಾಲಿಸುವುದಿಲ್ಲ. ಮೂರೇ ವಾರದಲ್ಲಿ ಎಡಗಡೆಯ ಇಡ್ಲಿ ಮತ್ತೆ ಪೂರ್ತಿ ಉಳಿಯತೊಡಗಿತು. ತಡೆಯಲಾರದೆ ಒಂದು ದಿನ ಅವರ ಕಾಲ ಬಳಿ ಕೂತು, “ಮಾವ, ಮೀನು ಸತ್ತೋದ್ವು, ನಾನೇ ಕೆಡಿಸ್ದೆ, ಬೇರೆ ತರಿಸ್ತೀನಿ” ಎಂದೆ.

“ಯಾವ ಮೀನಮ್ಮ?” ಎಂದರು.

ಅವರು ತಮಾಷೆ ಮಾಡುತ್ತಿರಲಿಲ್ಲ. ಐದು ತಿಂಗಳು ಮಾತಾಡಿಸಿದ ಮೀನು ಅವರಿಗೆ ಇರಲೇ ಇಲ್ಲ. ಮರುದಿನ ಬೆಳಿಗ್ಗೆ ಕೈಯೆತ್ತಿ ಹಿಡಿದಾಗ, “ಥೂ, ತಗಿ ಇದನ್ನ” ಎಂದು ಮತ್ತೆ ತಳ್ಳಿದರು. ಈ ಸಲ ಎಷ್ಟು ಜೋರಾಗಿ ತಳ್ಳಿದರೆಂದರೆ ಕೈ ಮಂಚದ ಕಂಬಿಗೆ ಬಡಿದು ಬೆರಳಿನ ಗೆಣ್ಣು ಒಡೆಯಿತು. ರಕ್ತ ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ. ನಾನು ಬಟ್ಟೆ ಸುತ್ತುತ್ತ ಕೂತೆ. ಮನೆಯೆಲ್ಲ ಫಳಫಳ ಹೊಳೆಯುತ್ತಿತ್ತು. ಆ ಹೊಳಪನ್ನು ಕಂಡು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಂದು ನಾನೇ ಬಸ್ಸು ಹತ್ತಿ ತಿಪಟೂರಿನ ಆ ಮೀನಿನ ಅಂಗಡಿಗೆ ಹೋದೆ. ಬಾಗಿಲಲ್ಲೇ ನಿಂತೆ. ಒಳಗೆ ಸಾಲು ಸಾಲು ತೊಟ್ಟಿ, ಹಸಿ ವಾಸನೆ. ಅಂಗಡಿಯವನು ಹುಳಿಯಾರಿನ ಕಡೆಯ ಹಟ್ಟಿಯವನು, ಮೂವತ್ತೈದರ ಗಂಡಸು, ಕುರಿ ಕಾಯುವ ಮನೆತನದಿಂದ ಬಂದು ಮೀನು ಕಾಯುತ್ತಿದ್ದಾನೆಂದು ನನ್ನ ಗಂಡ ಹಾಸ್ಯ ಮಾಡುತ್ತಿದ್ದರು. ಏನು ಮಾಡಿದಿರಿ ಎಂದು ಕೇಳಿದ. ನಾನು ಎಲ್ಲವನ್ನೂ, ನಾರು, ಒಲೆಯ ಇದ್ದಲು, ಕುದಿಸಿದ್ದು, ಉಜ್ಜಿದ್ದು, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವನು ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟ.

“ಅಕ್ಕಾ, ಒಲೆ ಇದ್ಲಲ್ಲಿ ಬೂದಿ ಇರ್ತದೆ, ಅದು ನೀರ್ನ ಸವುಳು ಮಾಡ್ತದೆ. ಅದು ಹಂಗಿರ್ಲಿ. ಮನೇಲಿ ಮೊಸ್ರು ಮಾಡ್ತೀರಲ್ವಾ?”

“ಮಾಡ್ದೆ ಏನು?”

“ಹೆಪ್ಪಿನ ಮೊಸ್ರನ್ನೂ ಚೆಲ್ಬುಟ್ಟು, ಮಡಕೆ ಬೆಳಗಿ, ಬಿಸಿನೀರು ಹುಯ್ದು ಒರಸ್ಬುಟ್ಟು, ಅದಕ್ಕೆ ಹಾಲು ಹುಯ್ದು ಮೊಸ್ರಾಗ್ಲಿ ಅಂತ ಕಾಯ್ತೀರಾ?”

ನಾನು ಒಳಗೆ ಬಂದು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ.

“ನೀವು ಹೆಪ್ಪನ್ನೇ ಕುದಿಸ್ಬುಟ್ರಿ ಕಣಕ್ಕ. ಮೀನಿನ ಉಚ್ಚೆ ಹೇಲು ಮೀನಿಗೇ ವಿಷ. ಅದನ್ನ ತಿಂದು ಅರಗಿಸೋವು ಆ ಲೋಳೇಲಿ ಇರ್ತವೆ, ಕಣ್ಣಿಗೆ ಕಾಣ್ದಿರೋವು. ಆ ಉಂಗ್ರ, ಆ ಸ್ಪಂಜು, ಎಲ್ಲಾ ಅವ್ಕೆ ಮನೆ. ಸ್ಪಂಜು ತೊಳೀಬೇಕು, ಬ್ಯಾಡ ಅನ್ನಲ್ಲ. ಆದ್ರೆ ತೊಟ್ಟೀದೇ ಹಳೇ ನೀರು ಬಕೀಟ್ಗೆ ತಗೊಂಡು ಅದ್ರಲ್ಲಿ ಎರಡು ಸಲ ಹಿಂಡಿ ವಾಪಸ್ ಹಾಕ್ಬೇಕು. ಹೊಸಾದು ಹಾಕೋದಾದ್ರೆ ಒಂದ್ಸಲಕ್ಕೆ ಒಂದೇ. ಹಳೇದ್ರ ಪಕ್ಕ ಹೊಸಾದಿರ್ಬೇಕು, ಹೆಪ್ಪು ಹತ್ಬೇಕು.”

“ಕೊಳೆ ಬುಟ್ಬುಡ್ಬೇಕಾ?”

“ಬುಡಬೇಕು.”

ನನಗೆ ಅಂಗಡಿಯಿಂದ ಎದ್ದು ಓಡಬೇಕೆನಿಸಿತು. ಮೂವತ್ತು ವರ್ಷದಿಂದ ನಾನು ಹೆಪ್ಪು ಹಾಕುತ್ತಿದ್ದೇನೆ. ಸೂತಕದಲ್ಲಿ, ಬಾಣಂತನದಲ್ಲಿ, ಯಾರ ಮನೆಯಿಂದಲೋ ಒಂದು ಚಮಚ ಇಸಿದುಕೊಂಡು ತಂದಾದರೂ ಹೆಪ್ಪು ಉಳಿಸಿದ್ದೇನೆ. ಅದೂ ಹುಳಿ ಹಿಡಿದ ಹಳೆಯ ಮೊಸರು ತಾನೆ. ಅದಕ್ಕೆ ಎಂದೂ ಹೇಸಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಯಿತು ನನ್ನ ಪಾಡು.

ಅವನು ತನ್ನ ಹಳೆಯ ತೊಟ್ಟಿಯೊಂದರಿಂದ ಒಂದು ಸ್ಪಂಜು ಎಳೆದು ತೆಗೆದ. ಅದರ ಮೂಲ ಬಣ್ಣ ಏನಿತ್ತೋ ದೇವರಿಗೇ ಗೊತ್ತು. ಕಪ್ಪು ಲೋಳೆ ದಾರ ದಾರವಾಗಿ ಇಳಿಯುತ್ತಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಅದೇ ತೊಟ್ಟಿಯ ನೀರು ಹಾಕಿ, ಸ್ಪಂಜು ಅದ್ದಿ, ಬಾಯಿ ಸಡಿಲವಾಗಿ ಕಟ್ಟಿ ನನ್ನ ಕೈಗೆ ಕೊಟ್ಟ. “ಒಣಗಿಸ್ಬ್ಯಾಡಿ, ಬಿಸಿಲಿಗೆ ಇಡ್ಬ್ಯಾಡಿ, ನಲ್ಲಿ ನೀರು ತಾಕಿಸ್ಬ್ಯಾಡಿ. ಗಾಳಿ ಆಡ್ಲಿ ಅದಕ್ಕೆ” ಎಂದ. ಬೇರೆಯಾಗಿ ಒಂದು ಹೊಸ ಸ್ಪಂಜು, ಇನ್ನೊಂದು ಕವರಿನಲ್ಲಿ ಎರಡು ಮೀನು. ಎರಡೇ ಸಾಕು, ಹೆಪ್ಪು ಹತ್ತಿದ ಮೇಲೆ ಬೇಕಾದರೆ ಇನ್ನೆರಡು ಎಂದ.

ಬಸ್ಸಿನಲ್ಲಿ ಸೀಟು ಸಿಕ್ಕಿತು, ಅದೇ ದೊಡ್ಡ ಕಷ್ಟವಾಯಿತು. ಸ್ಪಂಜಿನ ಕವರನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕಲ್ಲ. ರಸ್ತೆಯ ಮೊದಲ ಉಬ್ಬಿಗೇ ಕಟ್ಟು ಸಡಿಲವಾಗಿ ಸೀರೆಯ ಮೇಲೆ ಸೋರಿತು. ತೊಡೆಯವರೆಗೆ ಒದ್ದೆ ಇಳಿಯಿತು. ಗಂಟಲಿಗೆ ಬಂದದ್ದನ್ನು ನುಂಗಿಕೊಂಡು ಎರಡೂ ಕೈಯಲ್ಲಿ ಕವರಿನ ಬಾಯಿ ಹಿಡಿದು ಕೂತೆ. ಪಕ್ಕದಲ್ಲಿದ್ದ ಹೆಂಗಸು ಮೂಗು ಮುಚ್ಚಿಕೊಂಡು ಕಿಟಕಿಗೆ ಸರಿದಳು.

“ಏನ್ರೀ ಅದು, ಗಬ್ಬು ನಾತ!”

“ಔಸ್ತಿ ಕಣ್ರೀ, ನಮ್ ಮಾವಂಗೆ” ಎಂದೆ.

“ಪಾಪ, ಕುಡಿಸ್ತೀರಾ ಅದನ್ನ?” ಎಂದಳು. ಕಿಬ್ಬನಹಳ್ಳಿ ಬರುವವರೆಗೆ ಅವಳು ನನ್ನನ್ನು ನೋಡಿದ ನೋಟವನ್ನು ನಾನು ಮರೆಯುವುದಿಲ್ಲ.

ಮನೆಗೆ ಬಂದು ಒಲೆಯ ಇದ್ದಲಿನ ಗಂಟು, ನಾರು, ಎರಡನ್ನೂ ಕಿತ್ತು ಬಿಸಾಡಿದೆ. ತೊಟ್ಟಿಗೆ ತೋಟದ ಬೋರಿನ ನೀರು ತುಂಬಿದೆ. ಹೊಸ ಸ್ಪಂಜಿನ ಪಕ್ಕ ಆ ಕಪ್ಪು ಸ್ಪಂಜನ್ನು ಇಡಬೇಕು. ಇಡುವ ಮೊದಲು ಅದನ್ನು ತೊಟ್ಟಿಯ ನೀರಿನೊಳಗೇ ಒಂದು ಸಲ ಹಿಂಡಬೇಕು ಎಂದು ಅಂಗಡಿಯವನು ಹೇಳಿದ್ದ. ಹಿಂಡಿದೆ. ನಾನು ಶುಚಿ ಮಾಡಿ ಬೆಳಗಿದ ಗಾಜಿನ ತೊಟ್ಟಿಯಲ್ಲಿ ನನ್ನ ಕೈಯಾರೆ ಬೇರೆಯವರ ಮೀನಿನ ಹೇಲನ್ನು ಹಿಂಡಿದೆ. ನೀರು ಕಪ್ಪಾಗುತ್ತ ಹೋಗುವಾಗ ಕಣ್ಣು ಮುಚ್ಚಿಕೊಂಡಿದ್ದೆ. ನನ್ನ ಗಂಡ ಬಾಗಿಲಿನಿಂದ ನೋಡಿ, “ಥೂ, ಏನೇ ಇದು” ಎಂದು ಆಚೆಗೆ ಹೋದರು. ಕೋಳಿ ಕಟ್ಟಲೇ ಎಂದು ಕೇಳಿದ್ದ ಮನುಷ್ಯ.

ಹಿಂಡಿದ್ದು ಒಂದು ದಿನದ ಕೆಲಸ. ತೊಳೆಯದೆ ಇರುವುದು ಒಂದು ತಿಂಗಳ ಕೆಲಸ. ಕಪ್ಪು ಎರಡು ದಿನದಲ್ಲಿ ಕೆಳಗಿಳಿದು ನೀರು ತಿಳಿಯಾಯಿತು, ಆದರೆ ಗಾಜಿನ ಮೂಲೆಗೆ ಪಾಚಿ ಹತ್ತಿತು, ಪೆಟ್ಟಿಗೆಯ ಒಳಗೆ ಲೋಳೆ ಕಟ್ಟಿತು. ದಿನಾ ಬೆಳಿಗ್ಗೆ ಮುಚ್ಚಳ ತೆಗೆದು ನೋಡುವುದು, ಕೈ ತುರಿಸುವುದು, ಮುಚ್ಚಿಡುವುದು. ಕನಸಿನಲ್ಲೂ ನಾನು ಅದನ್ನು ತೊಳೆಯುತ್ತಿದ್ದೆ. ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಿಸಬಾರದು ಎಂದು ಹೊಸದಾಗಿ ಬಂದ ಸೊಸೆಗೆ ಅತ್ತೆ ಹೇಳುವಂತೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಮೀನು ಎರಡೂ ಬದುಕಿದವು. ಮಾವ ಮೊದಲ ವಾರ ಅವುಗಳನ್ನು ಕಾಣಲಿಲ್ಲ. ಎರಡನೆಯ ವಾರ ಬಲಗಡೆಯ ತುದಿಯಲ್ಲಿ ಕಂಡರು. “ಇದ್ಯಾವಾಗ ತಂದ್ರಮ್ಮ?” ಎಂದು ಹೊಸದಾಗಿ ಕೇಳಿದರು. ಎಲ್ಲವನ್ನೂ ಮೊದಲಿನಿಂದ ನಡೆದುಕೊಂಡು ಬರಬೇಕಾಯಿತು. ಅರ್ಧ ತೊಟ್ಟಿ, ಮುಕ್ಕಾಲು ತೊಟ್ಟಿ. ಕೈಯನ್ನು ಮಾತ್ರ ತಳ್ಳುತ್ತಲೇ ಇದ್ದರು. ಬೆರಳಿಗೆ ನಾನು ಕಟ್ಟಿದ ಬಟ್ಟೆಯನ್ನು ನೋಡಿ, “ಪಾಪ, ಇವ್ನಿಗೆ ಏಟಾಗದೆ” ಎನ್ನುತ್ತಿದ್ದರು.

ತಿಂಗಳಾಯಿತು. ಇನ್ನು ತೊಳೆಯಬಹುದೆಂದು ಅಂಗಡಿಯವನು ಫೋನಿನಲ್ಲಿ ಒಪ್ಪಿಗೆ ಕೊಟ್ಟ. ಹಬ್ಬದ ದಿನದಂತೆ ಬೇಗ ಎದ್ದೆ. ತೊಟ್ಟಿಯ ನೀರು ಅರ್ಧ ಬಕೆಟ್ ತೆಗೆದುಕೊಂಡು, ಅದನ್ನು ಹಿತ್ತಲಿಗೆ ಹೊರುವ ಶಕ್ತಿಯಿಲ್ಲದೆ, ಮಾವನ ಮಂಚದ ಎಡಗಡೆ, ತೊಟ್ಟಿಯ ಆಚೆ, ನೆಲದ ಮೇಲೆ ಗೋಣಿಚೀಲ ಹಾಕಿಕೊಂಡು ಕೂತೆ. ಅವರಿಗೆ ನಾನು ಅಲ್ಲಿರುವುದು ಹೇಗೂ ಗೊತ್ತಾಗುವುದಿಲ್ಲ. ಸ್ಪಂಜುಗಳು ಎರಡೂ ಈಗ ಒಂದೇ ಬಣ್ಣ, ಯಾವುದು ಹೊಸದು ಯಾವುದು ಹಳೆಯದು ಎಂದು ಹೇಳಲು ಆಗುತ್ತಿರಲಿಲ್ಲ. ಹೆಪ್ಪು ಹತ್ತಿತ್ತು. ಎರಡು ಸಲ ಹಿಂಡಿದೆ. ಮೊಣಕೈವರೆಗೆ ಕಪ್ಪು ಲೋಳೆ, ಉಗುರಿನ ಒಳಗೆ ಹೇಲು, ಮೂಗಿನ ತುಂಬ ಅದೇ ನಾತ. ಹೇಸಿಗೆ ಹೋಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಪೂಜೆಯ ಹೊತ್ತಾಗಿತ್ತು. ಮಂಚದ ಅಂಚಿನಲ್ಲಿ ಮಾವನ ಎಡಗೈ ಕೆಳಕ್ಕೆ ಜಾರಿ ತೊಟ್ಟಿಯ ಮೇಜಿಗೆ ತಾಗುವಂತೆ ನೇತಾಡುತ್ತಿತ್ತು. ಗಾಯದ ಬೆರಳು ಮತ್ತೆ ಬಡಿದೀತು ಎಂದು ನಾನು ಯೋಚಿಸದೆ ಕೂತಲ್ಲಿಂದಲೇ ಅದನ್ನು ಎತ್ತಿಡಲು ಕೈ ಚಾಚಿದೆ.

“ಥೂ! ಏನಮ್ಮ ಆ ಗಲೀಜು! ಆ ಕೈಯಲ್ಲಿ ನನ್ ಕೈ ಮುಟ್ಬ್ಯಾಡ!”

ತಲೆಯೆತ್ತಿದೆ. ಮಾವ ಗೋಡೆಯನ್ನು ನೋಡುತ್ತಿರಲಿಲ್ಲ. ಮೀನನ್ನೂ ನೋಡುತ್ತಿರಲಿಲ್ಲ. ಕತ್ತು ಪೂರ್ತಿ ಹೊರಳಿಸಿ, ಗಾಜಿನ ಅಂಚನ್ನೂ ದಾಟಿ, ನನ್ನನ್ನೇ ನೋಡುತ್ತಿದ್ದರು. ಮುಖವನ್ನು ಹಿಂಡಿಕೊಂಡು, ಬಲಗೈಯಿಂದ ಎಡಗೈಯನ್ನು ಎಳೆದು ಎದೆಗೆ ಒತ್ತಿ ಹಿಡಿದಿದ್ದರು.

“ಪೂಜೆ ಕೈ ಕಣಮ್ಮ ಇದು. ಹೋಗು, ತೊಳ್ಕೊಂಡ್ ಬಾ.”

ನಾನು ಎದ್ದು ಹೋಗಲಿಲ್ಲ. ಇನ್ನೊಂದು ಸಲ ಬೈಯಲಿ ಎಂದು, ಆ ಕೊಳಕು ಕೈಗಳನ್ನು ಚಾಚಿಕೊಂಡು ಅಲ್ಲೇ ಕೂತಿದ್ದೆ.